ಕುಡಿತ ಬಿಡುವುದು, ಬಿಟ್ಟ ಮೇಲೆ ಚೆನ್ನಾಗಿ ಬದುಕುವುದು: ಒಂದು ಸಮಗ್ರ ಮಾರ್ಗದರ್ಶಿ

ನವೆಂಬರ್ ಮಧ್ಯದಲ್ಲಿ ಅಯ್ಯಪ್ಪನ ಮಾಲೆ ಹಾಕುವವರನ್ನು ಗಮನಿಸಿ. ವರ್ಷವಿಡೀ ಸಂಜೆಯಾದರೆ ಬಾರ್ ಬಾಗಿಲಲ್ಲಿ ಕಾಣುತ್ತಿದ್ದ ಮನುಷ್ಯ ಒಂದು ಮಂಡಲ ಪೂರ್ತಿ ಹನಿ ಮುಟ್ಟುವುದಿಲ್ಲ. ಊರಿನವರು ಸ್ವಾಮಿಯ ಮಹಿಮೆ ಎನ್ನುತ್ತಾರೆ. ಮನೆಯವರು "ಆಗ ಆಗುತ್ತೆ, ಮಿಕ್ಕ ದಿನ ಯಾಕಾಗಲ್ಲ?" ಎಂದು ಬೈಯುತ್ತಾರೆ. ಭಕ್ತಿಯ ಬಲ ದೊಡ್ಡದೇ. ಅದರ ಜೊತೆಗೆ ಆ ದಿನಗಳಲ್ಲಿ ಇನ್ನೂ ಏನೇನು ಬದಲಾಗಿರುತ್ತದೆ ನೋಡಿ: ಬೆಳಗಿನ ಜಾವ ಎದ್ದು ತಣ್ಣೀರ ಸ್ನಾನ, ಕುಡಿಯುವ ಹೊತ್ತಿಗೆ ಸರಿಯಾಗಿ ಭಜನೆ, ಹೊತ್ತು ಮೀರದ ಊಟ, ಹೊಸ ಗುಂಪು, ದಾರಿ ತೋರಿಸಲು ಗುರುಸ್ವಾಮಿ, ಕಂಡವರೆಲ್ಲ "ಸ್ವಾಮಿ" ಎಂದು ಕರೆಯುವ ಮರ್ಯಾದೆ. ಯಾವ ಗೆಳೆಯನೂ ಗ್ಲಾಸು ಮುಂದೆ ಹಿಡಿಯುವುದಿಲ್ಲ. ಮಾಲೆ ತೆಗೆದ ದಿನ ಇದಿಷ್ಟೂ ಒಟ್ಟಿಗೇ ಕಳಚಿಹೋಗುತ್ತದೆ.

ಅದಕ್ಕೇ ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಒಂದನ್ನೇ. ಕುಡಿತ ಬಿಡಲು ಗಟ್ಟಿ ಮನಸ್ಸೊಂದೇ ಸಾಲದು, ಆ ಮನಸ್ಸನ್ನು ಹಿಡಿದು ನಿಲ್ಲಿಸುವ ಏರ್ಪಾಡು ಬೇಕು. ಅದೂ ಗಡುವಿಲ್ಲದ ಏರ್ಪಾಡು. ಆಣೆ ಮಾಡಿ ಮುರಿದವರು ತಮ್ಮನ್ನು ತಾವೇ ಹೇಡಿ ಎಂದುಕೊಳ್ಳುತ್ತಾರೆ. ಬಹಳ ಸಲ ಅವರ ಆಣೆ ಪ್ರಾಮಾಣಿಕವಾಗಿಯೇ ಇರುತ್ತದೆ, ಅದನ್ನು ಕಾಯಲು ಸುತ್ತ ಏನೂ ಇರುವುದಿಲ್ಲ ಅಷ್ಟೆ.

ಮೊದಲು ಲೆಕ್ಕ

ಬಿಡುವ ದಿನ ಗೊತ್ತುಮಾಡುವ ಮೊದಲು ಒಂದು ವಾರ ಸುಮ್ಮನೆ ಬರೆದಿಡಿ: ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ, ಎಷ್ಟು. "ದಿನಾ ಸ್ವಲ್ಪ" ಎಂಬ ಮಾತಿಗೆ ಅಳತೆ ಇಲ್ಲ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್ ಇರುತ್ತದೆ. ಒಂದು ನೈಂಟಿಯಲ್ಲಿ (90 ಮಿಲಿ) ಸುಮಾರು 30 ಗ್ರಾಂ, ಕ್ವಾರ್ಟರ್‌ನಲ್ಲಿ (180 ಮಿಲಿ) ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಹೊಟ್ಟೆಗೆ ಹೋಗುತ್ತದೆ. "ನಾನು ಬಿಯರ್ ಮಾತ್ರ" ಎನ್ನುವವರೂ ಕೇಳಿ: ಶೇ. 8ರ ಸ್ಟ್ರಾಂಗ್ ಬಿಯರ್‌ನ 650 ಮಿಲಿ ಬಾಟಲಿಯಲ್ಲಿ ಸುಮಾರು 40 ಗ್ರಾಂ ಇದೆ, ಅಂದರೆ 30 ಮಿಲಿಯ ನಾಲ್ಕು ಪೆಗ್.

ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ. 40 ಅಂಕಕ್ಕೆ 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಕಡೆ ತಿರುಗಿದೆ ಎಂದರ್ಥ. 20 ಅಥವಾ ಹೆಚ್ಚು ಬಂದರೆ ಅವಲಂಬನೆ ಇರುವ ಸಾಧ್ಯತೆ ಹೆಚ್ಚು, ವೈದ್ಯರ ನೆರವು ಬೇಕೇ ಬೇಕು. ಪಟ್ಟಿ ಸಿಗದಿದ್ದರೆ ಇಷ್ಟನ್ನಾದರೂ ನಿಮ್ಮನ್ನೇ ಕೇಳಿಕೊಳ್ಳಿ: ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆಯೇ? ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿಯಬೇಕಾಗುತ್ತದೆಯೇ? ನಡುಕ ನಿಲ್ಲಿಸಲು ಬೆಳಿಗ್ಗೆಯೇ ಒಂದಿಷ್ಟು ಹಾಕಬೇಕೆನಿಸುತ್ತದೆಯೇ? ಇದಕ್ಕೆ ಹೌದು ಎಂದಾದರೆ ಮುಂದಿನ ಭಾಗವನ್ನು ಓದದೆ ಏನನ್ನೂ ಮಾಡಬೇಡಿ.

ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಬೇಡಿ

ಸಿಗರೇಟನ್ನು ಇವತ್ತೇ ಬಿಸಾಡಬಹುದು. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಮದ್ಯವನ್ನು ಥಟ್ಟನೆ ತಪ್ಪಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ಅದಕ್ಕೆ ಒಗ್ಗಿದ ಮಿದುಳು ಎಚ್ಚರವಾಗಿರಲು ಸದಾ ಹೆಚ್ಚು ಉದ್ರೇಕದಲ್ಲಿ ಕೆಲಸ ಮಾಡುವುದನ್ನು ಕಲಿತಿರುತ್ತದೆ. ಮದ್ಯ ಇದ್ದಕ್ಕಿದ್ದಂತೆ ಹೋದಾಗ ಆ ಉದ್ರೇಕಕ್ಕೆ ತಡೆಯೇ ಇರುವುದಿಲ್ಲ.

ಕೊನೆಯ ಗುಟುಕಿನ ನಂತರ ಆರರಿಂದ ಎಂಟು ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ, ಎದೆಬಡಿತ, ಗಾಬರಿ ಶುರುವಾಗುತ್ತವೆ. ಮೊದಲ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಜ್ವರ, ಗೊಂದಲ, ಇಲ್ಲದ್ದು ಕಾಣಿಸುವುದು, ಎಲ್ಲಿದ್ದೇನೆ ಎಂಬುದೇ ಮರೆಯುವುದು ಆಗುತ್ತದೆ. ಗೋಡೆ ಮೇಲೆ ಹುಳ ಹರಿದಾಡುತ್ತಿವೆ ಎನ್ನುತ್ತಾರೆ, ಹೆಂಡತಿಯನ್ನೇ ಗುರುತಿಸುವುದಿಲ್ಲ. ಮನೆಯವರು ಗಾಳಿ ಸೋಕಿತೆಂದು ಅಂತ್ರ ಕಟ್ಟಿಸಲು ಓಡುತ್ತಾರೆ. ಅದು ಡೆಲಿರಿಯಂ ಟ್ರೆಮೆನ್ಸ್, ತಕ್ಷಣ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. 108ಕ್ಕೆ ಕರೆ ಮಾಡಿ. ಮಾಲೆ ಹಾಕಿದವರಲ್ಲಿ, ಶ್ರಾವಣಕ್ಕೆಂದು ಬಿಟ್ಟವರಲ್ಲಿ, ಕಾಲು ಮುರಿದು ಆಸ್ಪತ್ರೆ ಸೇರಿದವರಲ್ಲಿ ಇದು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಯಾರೂ ಅವರ ಕುಡಿತದ ಲೆಕ್ಕ ಕೇಳಿರುವುದಿಲ್ಲ.

ಹಿಂದೊಮ್ಮೆ ಫಿಟ್ಸ್ ಬಂದಿದ್ದವರು, ಬೆಳಿಗ್ಗೆ ಕುಡಿಯುವವರು, ಲಿವರ್ ತೊಂದರೆ ಅಥವಾ ಬೇರೆ ದೊಡ್ಡ ಕಾಯಿಲೆ ಇರುವವರು, ವಯಸ್ಸಾದವರು, ಮನೆಯಲ್ಲಿ ಒಂಟಿಯಾಗಿರುವವರು ಒಳರೋಗಿಯಾಗಿ ಸೇರುವುದೇ ಕ್ಷೇಮ. ವೈದ್ಯರು ಕ್ಲೋರ್‌ಡಯಾಜೆಪಾಕ್ಸೈಡ್, ಲೊರಾಜೆಪಾಮ್‌ನಂಥ ಮಾತ್ರೆ ಕೊಟ್ಟು, ಕೆಲವು ದಿನಗಳಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸುತ್ತಾರೆ. ಇವನ್ನು ಹಳೆ ಚೀಟಿ ತೋರಿಸಿ ಮೆಡಿಕಲ್ ಸ್ಟೋರ್‌ನಲ್ಲಿ ತಂದು ನುಂಗಬೇಡಿ. ಇವೂ ಚಟವಾಗುತ್ತವೆ, ಮದ್ಯದ ಜೊತೆ ಸೇರಿದರೆ ಉಸಿರನ್ನೇ ನಿಲ್ಲಿಸಬಲ್ಲವು.

ಇನ್ನೊಂದು ಮಾತು, ನಮ್ಮೂರುಗಳಲ್ಲಿ ಬಹಳ ಮುಖ್ಯವಾದದ್ದು. ಸುಸ್ತಾಗಿದ್ದಾರೆಂದು ಹತ್ತಿರದ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಬಾಟಲಿ ಏರಿಸುತ್ತಾರೆ. ಬಹುಕಾಲ ಕುಡಿದವರ ಮೈಯಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ತೀರಾ ಕಡಿಮೆ ಇರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಿ ನೆನಪಿನ ಶಕ್ತಿ ಶಾಶ್ವತವಾಗಿ ಹೋಗುವ ಅಪಾಯವಿದೆ. "ಇವರು ದಿನಾ ಕುಡೀತಿದ್ರು ಡಾಕ್ಟ್ರೇ, ಥಯಾಮಿನ್ ಮೊದಲು ಕೊಡಿ" ಎಂದು ಮನೆಯವರು ಬಾಯಿಬಿಟ್ಟು ಕೇಳಬೇಕು. ಮರ್ಯಾದೆಗೆ ಅಂಜಿ ಕುಡಿತದ ವಿಷಯ ಮುಚ್ಚಿಡಬೇಡಿ.

ಎಲ್ಲಿಗೆ ಹೋಗಬೇಕು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಕೇಳಿಕೊಳ್ಳಿ. ಎಲ್ಲಿಂದ ಶುರುಮಾಡುವುದೆಂದು ತೋಚದಿದ್ದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಈ ಉಚಿತ ಸೇವೆಯಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಹಳ್ಳಿಹಳ್ಳಿಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿವೆ. ನನ್ನ ದೃಷ್ಟಿಯಲ್ಲಿ ಶಿಬಿರಕ್ಕಿಂತ ಆ ಸಮಿತಿಯೇ ಮುಖ್ಯ, ಏಕೆಂದರೆ ಎಂಟು ದಿನ ಎಲ್ಲರೂ ಕಳೆಯುತ್ತಾರೆ, ಒಂಬತ್ತನೇ ಸಂಜೆಗೆ ಜನ ಬೇಕು. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ನಮ್ಮ ರಾಜ್ಯದಲ್ಲೂ ಇದೆ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು. ಮೊದಲ ಮೀಟಿಂಗ್‌ನಲ್ಲಿ ಸುಮ್ಮನೆ ಕೂತು ಕೇಳಿ. ನಿಮ್ಮೊಬ್ಬರದೇ ಎಂದುಕೊಂಡಿದ್ದ ನಾಚಿಕೆಯನ್ನು ಇನ್ನೊಬ್ಬರು ಜೋರಾಗಿ ಹೇಳುವುದನ್ನು ಕೇಳಿದಾಗ ಆಗುವ ಹಗುರವನ್ನು ಯಾವ ಉಪದೇಶವೂ ಕೊಡಲಾರದು.

ಖಾಸಗಿ ಕೇಂದ್ರಕ್ಕೆ ಸೇರಿಸುವಾಗ ಮಾತ್ರ ಹುಷಾರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನೋಂದಣಿ ಇದೆಯೇ, ಮನೋವೈದ್ಯರು ನಿಜವಾಗಿ ಬರುತ್ತಾರೆಯೇ, ಮನೆಯವರು ಭೇಟಿಯಾಗಬಹುದೇ ಕೇಳಿ. ರಾತ್ರಿ ವ್ಯಾನಿನಲ್ಲಿ ಹೊತ್ತೊಯ್ದು, ಹೊಡೆದು ಬಿಡಿಸುತ್ತೇವೆ ಎನ್ನುವವರ ಹತ್ತಿರಕ್ಕೂ ಹೋಗಬೇಡಿ.

ಮಾತ್ರೆಗಳ ವಿಷಯ

ನಡುಕ ನಿಂತ ಮೇಲೆ, ಮತ್ತೆ ಕುಡಿಯಬೇಕೆಂಬ ಸೆಳೆತ ಕಡಿಮೆ ಮಾಡಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಬ್ಯಾಕ್ಲೊಫೆನ್‌ನಂಥ ಔಷಧಿಗಳಿವೆ. ಲಿವರ್, ಕಿಡ್ನಿ ನೋಡಿ ಯಾವುದು ಹೊಂದುತ್ತದೆಂದು ವೈದ್ಯರು ತೀರ್ಮಾನಿಸುತ್ತಾರೆ. ಬಿಪಿ ಮಾತ್ರೆ ನುಂಗಲು ನಾಚದವರು ಇದಕ್ಕೂ ನಾಚಬೇಕಿಲ್ಲ.

ಡೈಸಲ್ಫಿರಾಮ್ ಬೇರೆ ಜಾತಿಯದು. ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪೇರಿ, ವಾಂತಿ, ಎದೆಬಡಿತ, ಬಿಪಿ ಕುಸಿತ ಆಗುತ್ತದೆ. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಆ ಅಪಾಯ ಉಳಿದಿರುತ್ತದೆ. ತಿಳಿದು, ಒಪ್ಪಿ ತೆಗೆದುಕೊಳ್ಳುವವರಿಗೆ ಇದು ಒಳ್ಳೆಯ ಕಾವಲು. ಸಾರಿನಲ್ಲಿ ಬೆರೆಸಿ ಕೊಡುವುದು ಮಾತ್ರ ಕೊಲೆಗೆ ಸಮ. ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲೆ "ಕುಡಿಯುವವರಿಗೆ ತಿಳಿಯದಂತೆ ಬಿಡಿಸಿ" ಎಂಬ ಪೋಸ್ಟರ್ ನೋಡಿರುತ್ತೀರಿ. ಆ ಪುಡಿಯಲ್ಲಿ ಏನಿದೆಯೆಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಸಂಕಟದಲ್ಲಿರುವ ಹೆಂಡತಿ, ತಾಯಿಯರು ಅದಕ್ಕೆ ದುಡ್ಡು ಸುರಿಯುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಡೈಸಲ್ಫಿರಾಮ್ ತೆಗೆದುಕೊಳ್ಳುವವರು ಆಯುರ್ವೇದದ ಆಸವ, ಅರಿಷ್ಟಗಳಿಂದಲೂ ದೂರವಿರಬೇಕು. ಅವು ಹುದುಗಿಸಿ ಮಾಡುವಂಥವು, ಅವುಗಳಲ್ಲೂ ಆಲ್ಕೋಹಾಲ್ ಇರುತ್ತದೆ. ಕೆಲವು ಕೆಮ್ಮಿನ ಸಿರಪ್‌ಗಳೂ ಹಾಗೆಯೇ.

ಸಂಜೆ ಆರರಿಂದ ಒಂಬತ್ತು

ಇಡೀ ಬದುಕನ್ನು ಸರಿಪಡಿಸುತ್ತೇನೆಂದು ಹೊರಡಬೇಡಿ. ಮೊದಲ ಮೂರು ತಿಂಗಳು ಈ ಮೂರು ಗಂಟೆಗಳನ್ನು ಕಾದರೆ ಸಾಕು.

ವಾರದ ಹಿಂದೆ ಬರೆದಿಟ್ಟ ಲೆಕ್ಕ ಈಗ ಕೆಲಸಕ್ಕೆ ಬರುತ್ತದೆ. ಕೆಲಸ ಬಿಟ್ಟು ಮನೆಗೆ ಬರುವ ದಾರಿಯಲ್ಲಿ ಎಂಆರ್‌ಪಿ ಅಂಗಡಿ ಸಿಗುತ್ತದೆಯೇ? ದಾರಿ ಬದಲಿಸಿ, ಎರಡು ಕಿಲೋಮೀಟರ್ ಸುತ್ತಾದರೂ ಪರವಾಗಿಲ್ಲ. ಜೇಬಿನಲ್ಲಿ ಬಸ್ಸಿಗೆ, ಟೀಗೆ ಬೇಕಾದಷ್ಟೇ ದುಡ್ಡಿರಲಿ. ಸಂಬಳ ಬರುವ ಖಾತೆ ಕೆಲವು ತಿಂಗಳು ಮನೆಯವರ ಕೈಯಲ್ಲಿರಲಿ, ಫೋನಿನಲ್ಲಿ ಹಣ ಕಳಿಸುವ ಆ್ಯಪ್‌ಗೆ ಸಣ್ಣ ಮಿತಿ ಹಾಕಿಸಿ. ಮನೆಯಲ್ಲಿ ಅಡಗಿಸಿಟ್ಟ ಬಾಟಲಿ ಎಲ್ಲೆಲ್ಲಿದೆಯೆಂದು ನಿಮಗೊಬ್ಬರಿಗೇ ಗೊತ್ತು: ಬೀರುವಿನ ಮೇಲೆ, ಗಾಡಿ ಡಿಕ್ಕಿಯಲ್ಲಿ, ದನದ ಕೊಟ್ಟಿಗೆಯ ಅಟ್ಟದಲ್ಲಿ. ಇನ್ನೊಬ್ಬರನ್ನು ಜೊತೆಗಿಟ್ಟುಕೊಂಡು ತೆಗೆದು ಚೆಲ್ಲಿ. ಒಬ್ಬರೇ ಹೋಗಬೇಡಿ.

ಹಸಿದಿರಬೇಡಿ. ಇದನ್ನು ಜನ ಕಡೆಗಣಿಸುತ್ತಾರೆ. ಸಂಜೆಯ ಸೆಳೆತದಲ್ಲಿ ಒಂದು ಪಾಲು ಬರೀ ಹೊಟ್ಟೆಯದು, ಇನ್ನೊಂದು ಪಾಲು ದಣಿವಿನದು. ಐದೂವರೆಗೇ ಏನಾದರೂ ಗಟ್ಟಿಯಾಗಿ ತಿನ್ನಿ: ಅವಲಕ್ಕಿ, ಉಪ್ಪಿಟ್ಟು, ಬೇಯಿಸಿದ ಕಡಲೆಕಾಯಿ, ಎರಡು ಬಾಳೆಹಣ್ಣು. ಮೊದಲ ವಾರಗಳಲ್ಲಿ ಸಿಹಿ ತಿನ್ನಬೇಕೆನಿಸುವುದು ಸಹಜ. ಸಕ್ಕರೆ ಕಾಯಿಲೆ ಇಲ್ಲದವರು ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಳ್ಳಿ. ರಾತ್ರಿ ಊಟ ಏಳೂವರೆಗೆ ಮುಗಿದುಹೋಗಲಿ. ಮುದ್ದೆ ಸಾರು ಉಂಡು ಮಜ್ಜಿಗೆ ಕುಡಿದ ಹೊಟ್ಟೆ ಬಾರಿನ ಕಡೆ ಅಷ್ಟಾಗಿ ಎಳೆಯುವುದಿಲ್ಲ.

ಕೈಯಲ್ಲಿ ಹಿಡಿಯಲು ಏನಾದರೂ ಬೇಕು. ನಿಂಬೆ ಸೋಡಾ, ಜೀರಿಗೆ ಕಷಾಯ, ಕಾಳುಮೆಣಸು ಹಾಕಿದ ಮಜ್ಜಿಗೆ, ಯಾವುದಾದರೂ ಆದೀತು. ಆಲ್ಕೋಹಾಲ್ ಇಲ್ಲದ ಬಿಯರ್ ಎಂದು ಈಗ ಬಂದಿದೆ, ಅದು ಮೊದಲ ವರ್ಷ ಬೇಡ. ಅದೇ ಬಾಟಲಿ, ಅದೇ ನೊರೆ, ಅದೇ ಕಹಿ ನಾಲಿಗೆಗೆ ಸಿಕ್ಕಿದರೆ ಹಳೆಯ ಆಸೆ ತಲೆಯೆತ್ತುತ್ತದೆ.

ಆಸೆ ಬಂದಾಗ ಗಡಿಯಾರ ನೋಡಿ. ಸೆಳೆತ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ನಿಮಿಷ. ಅದು ಏರುವಾಗ ಇನ್ನು ಇಳಿಯುವುದೇ ಇಲ್ಲವೆನಿಸುತ್ತದೆ. ಆ ಅರ್ಧ ಗಂಟೆಗೆ ಕೆಲಸವೊಂದನ್ನು ಮೊದಲೇ ಗೊತ್ತುಮಾಡಿಕೊಂಡಿರಿ: ತಲೆಗೆ ನೀರು ಹಾಕಿಕೊಳ್ಳುವುದು, ಮಗಳನ್ನು ಕರೆದುಕೊಂಡು ಕೆರೆ ಏರಿ ಮೇಲೆ ನಡೆಯುವುದು, ಬಿಟ್ಟಿರುವ ಇನ್ನೊಬ್ಬರಿಗೆ ಫೋನ್ ಮಾಡುವುದು. ಕುಡಿದ ಮೇಲೆ ಮಾಡುವ ಫೋನಿಗಿಂತ ಕುಡಿಯುವ ಮುಂಚೆ ಮಾಡುವ ಫೋನಿಗೆ ಬೆಲೆ ಜಾಸ್ತಿ.

ಬೇಡ ಎನ್ನುವುದನ್ನು ಬಾಯಿಪಾಠ ಮಾಡಿ

ಬೀಗರೂಟದ ಶಾಮಿಯಾನದ ಹಿಂದೆ ಟೇಬಲ್ ಹಾಕಿರುತ್ತಾರೆ. ಮಾತು ಹೀಗೆ ಬರುತ್ತದೆ:

"ಏನ್ ಭಾವ, ಗ್ಲಾಸ್ ಮುಟ್ಟೇ ಇಲ್ಲ?"

"ಬಿಟ್ಟಿದ್ದೀನಿ ಭಾವ."

"ಬಿಡಿ, ಒಂದೇ ಒಂದು. ನಮ್ ಮರ್ಯಾದೆಗಾದ್ರೂ."

"ಡಾಕ್ಟ್ರು ಮಾತ್ರೆ ಕೊಟ್ಟವ್ರೆ, ಇದನ್ನ ಮುಟ್ಟಂಗಿಲ್ಲ. ಪಂಕ್ತಿ ಕೂತಾಯ್ತು ನೋಡಿ, ಬನ್ನಿ ಊಟಕ್ಕೆ ಹೋಗೋಣ."

ಇಲ್ಲಿ ವಾದವಿಲ್ಲ, ಉಪದೇಶವಿಲ್ಲ, ಜಾಗ ಬಿಟ್ಟು ಏಳುವುದಿದೆ. "ಆಮೇಲೆ ನೋಡೋಣ" ಎನ್ನಬೇಡಿ, ಆಮೇಲೆ ಎಂದರೆ ಅವರು ಆಮೇಲೆ ಬಂದೇ ಬರುತ್ತಾರೆ. ಕುಡಿಯದೆ ಕಂಪನಿ ಕೊಡುತ್ತೇನೆಂದು ಬಾರಿನಲ್ಲಿ ಕೂರುವುದೂ ಮೊದಲ ವರ್ಷದ ಕೆಲಸವಲ್ಲ. ನಿಜವಾದ ಗೆಳೆಯ ಬೆಳಿಗ್ಗೆ ತಟ್ಟೆ ಇಡ್ಲಿ ತಿನ್ನಲೂ ಬರುತ್ತಾನೆ. ಗ್ಲಾಸಿದ್ದರೆ ಮಾತ್ರ ಬರುವವರ ಸಂಖ್ಯೆ ಗೊತ್ತಾದಾಗ ನೋವಾಗುತ್ತದೆ. ಆ ನೋವು ನಿಜವಾದದ್ದು, ಅದಕ್ಕೆ ಸಮಯ ಕೊಡಿ.

ಮನೆಯೊಳಗೆ

ನೀವು ಬಿಟ್ಟು ಎರಡು ತಿಂಗಳಾಗಿರಬಹುದು. ಹೆಂಡತಿ ಇನ್ನೂ ಬಾಗಿಲಲ್ಲಿ ನಿಂತು ಬಾಯಿಯ ವಾಸನೆ ನೋಡುತ್ತಾಳೆ. ಕೋಪ ಬರುತ್ತದೆ. ಆಕೆ ಎಷ್ಟು ವರ್ಷ ಸುಳ್ಳು ಕೇಳಿದ್ದಾಳೆಂದು ಎಣಿಸಿ ನೋಡಿ. ನಂಬಿಕೆ ಕೇಳಿ ಪಡೆಯುವಂಥದ್ದಲ್ಲ. ಹೇಳಿದ ಹೊತ್ತಿಗೆ ಮನೆಗೆ ಬರುವುದು, ರೇಷನ್ ತರುವುದು, ಶಾಲೆಯ ಫೀಸು ಕಟ್ಟುವುದು, ಇವುಗಳಿಂದ ಅದು ತಾನಾಗಿ ಬರುತ್ತದೆ. ಮನೆಯವರಿಗೂ ಒಂದು ಮಾತು: ಕುಡಿದು ಬಂದ ರಾತ್ರಿ ಜಗಳ ಬೇಡ, ಮಾತು ಬೆಳಿಗ್ಗೆ. ಅವರ ಸಾಲವನ್ನು ನೀವು ತೀರಿಸುತ್ತಾ, ಆಫೀಸಿಗೆ ಹುಷಾರಿಲ್ಲವೆಂದು ಸುಳ್ಳು ಹೇಳುತ್ತಾ ಹೋದರೆ ಕುಡಿತಕ್ಕೆ ದಾರಿ ಸಲೀಸಾಗುತ್ತದೆ. ಹೊಡೆತ ತಿಂದುಕೊಂಡು ಕಾಯಬೇಕಿಲ್ಲ, ಮಹಿಳಾ ಸಹಾಯವಾಣಿ 181 ಇದೆ. ಕುಡಿಯುವವರ ಕುಟುಂಬದವರಿಗೆಂದೇ ಅಲ್-ಅನಾನ್ ಎಂಬ ಗುಂಪುಗಳಿವೆ.

ಕುಡಿಯುವ ಹೆಣ್ಣುಮಕ್ಕಳ ಬಗ್ಗೆ ನಾವು ಮಾತೇ ಆಡುವುದಿಲ್ಲ. ಅದೇ ಪ್ರಮಾಣಕ್ಕೆ ಹೆಣ್ಣಿನ ಲಿವರ್ ಬೇಗ ಹಾಳಾಗುತ್ತದೆ, ಚಿಕಿತ್ಸೆಗೆ ಬರುವುದು ಮಾತ್ರ ತಡವಾಗಿ. ಊರಿನಲ್ಲಿ ಮುಖ ತೋರಿಸಲು ಅಂಜುವವರಿಗೆ 14416ಕ್ಕೆ ಫೋನ್ ಮಾಡುವುದೇ ಒಳ್ಳೆಯ ಆರಂಭ.

ಮೊದಲ ವಾರಗಳಲ್ಲಿ ನಿದ್ದೆ ಕೆಡುತ್ತದೆ. ಕೆಲವರಿಗೆ ತಿಂಗಳುಗಟ್ಟಲೆ ಕೆಡುತ್ತದೆ. ನಿದ್ದೆಮಾತ್ರೆಯ ಮೊರೆ ಹೋಗಬೇಡಿ. ಮನಸ್ಸು ಮಂಕಾಗಿ ಬದುಕೇ ಬೇಡವೆನಿಸಿದರೆ ಅದನ್ನು ಒಳಗೇ ನುಂಗಿಕೊಳ್ಳದೆ ಅವತ್ತೇ ಯಾರಿಗಾದರೂ ಹೇಳಿ.

ಜಾರಿದರೆ

ಬಹಳ ಜನ ಜಾರುತ್ತಾರೆ. ಒಂದು ನೈಂಟಿ ಕುಡಿದ ರಾತ್ರಿ "ಹೇಗೂ ಹೋಯಿತು" ಎಂದು ಪೂರ್ತಿ ಬಾಟಲಿ ಎತ್ತುವುದೇ ನಿಜವಾದ ಅಪಾಯ. ಅಲ್ಲಿಗೇ ನಿಲ್ಲಿಸಿ. ಗಾಡಿ ಓಡಿಸಬೇಡಿ. ಅವತ್ತೇ ಒಬ್ಬರಿಗೆ ಹೇಳಿ. ಬೆಳಿಗ್ಗೆ ಎದ್ದು ಬರೆದಿಡಿ: ಎಲ್ಲಿದ್ದೆ, ಯಾರಿದ್ದರು, ಹಸಿದಿದ್ದೆನೇ, ಯಾವ ಮಾತು ನೋಯಿಸಿತ್ತು. ಏರ್ಪಾಡಿನಲ್ಲಿ ತೂತು ಎಲ್ಲಿದೆಯೆಂದು ಆ ಪುಟ ಹೇಳುತ್ತದೆ, ಅದನ್ನು ಮುಚ್ಚಿ ಮುಂದೆ ಹೋಗಿ. ಹಲವು ದಿನ ಸತತವಾಗಿ ಕುಡಿದುಬಿಟ್ಟಿದ್ದರೆ ಮತ್ತೆ ಡಾಕ್ಟರ ಬಳಿಯೇ ಹೋಗಬೇಕು, ಫಿಟ್ಸ್‌ನ ಅಪಾಯ ಮತ್ತೆ ಬಂದಿರುತ್ತದೆ.

ಬಿಟ್ಟ ಮೇಲಿನ ಸುಖ

ದೇಹ ಬೇಗ ಸ್ಪಂದಿಸುತ್ತದೆ. ಕೊಬ್ಬು ತುಂಬಿದ ಲಿವರ್ ಕೆಲವೇ ವಾರಗಳಲ್ಲಿ ಸುಧಾರಿಸತೊಡಗುತ್ತದೆ. ಜಿಜಿಟಿ ಎಂಬ ರಕ್ತಪರೀಕ್ಷೆಯ ಅಂಕಿ ಇಳಿಯುವುದನ್ನು ಕಾಗದದ ಮೇಲೇ ನೋಡಬಹುದು. ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಡುಸಾಗುವುದು, ಆಗಿದ್ದರೆ ಆ ಕಲೆ ಪೂರ್ತಿ ಹೋಗುವುದಿಲ್ಲ, ಆದರೆ ಬಿಟ್ಟವರು ಬಿಡದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ದಿನಕ್ಕೆ 200 ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 73,000 ರೂಪಾಯಿ. ಅದನ್ನು ಸಾಲಕ್ಕೆ ಮಾತ್ರ ಹಾಕಿ ಕೈತೊಳೆದುಕೊಳ್ಳಬೇಡಿ. ಒಂದು ಪಾಲಿನಲ್ಲಿ ಕಣ್ಣಿಗೆ ಕಾಣುವಂಥದ್ದೇನಾದರೂ ತನ್ನಿ: ಮಕ್ಕಳಿಗೆ ಸೈಕಲ್, ಮನೆಯವರೊಂದಿಗೆ ಜೋಗಕ್ಕೋ ಕುಪ್ಪಳಿಗೋ ಎರಡು ದಿನ.

ಸುಖ ತಾನಾಗಿ ಬರುತ್ತದೆಂದು ಕಾಯಬೇಡಿ. ಮೊದಲ ತಿಂಗಳುಗಳಲ್ಲಿ ಎಲ್ಲವೂ ಸಪ್ಪೆ ಎನಿಸುತ್ತದೆ, ಸಿನಿಮಾ, ಮ್ಯಾಚು, ಹಬ್ಬ ಎಲ್ಲವೂ. ಮದ್ಯದ ಅಬ್ಬರಕ್ಕೆ ಒಗ್ಗಿದ ಮಿದುಳಿಗೆ ಸಣ್ಣ ಸಂತೋಷಗಳ ರುಚಿ ಮರಳಲು ಸಮಯ ಬೇಕು. ಮರಳುತ್ತದೆ. ಭಜನಾ ಮಂಡಳಿ, ವಾಲಿಬಾಲ್, ಯಕ್ಷಗಾನದ ತಾಳಮದ್ದಳೆ, ಊರ ಗ್ರಂಥಾಲಯ, ಟೆರೇಸಿನ ಮೇಲೆ ನಾಲ್ಕು ಕುಂಡ ಮೆಣಸಿನ ಗಿಡ, ಯಾವುದಾದರೂ ಸರಿ. ಅದು ಸಂಜೆಯೇ ನಡೆಯುವಂಥದ್ದಾಗಿರಲಿ, ನಿಮ್ಮನ್ನು ಯಾರಾದರೂ ಅಲ್ಲಿ ಕಾಯುವಂತಿರಲಿ. ಭಾನುವಾರ ಬೆಳಿಗ್ಗೆ ಆರಕ್ಕೆ ತಲೆ ಭಾರವಿಲ್ಲದೆ ಎದ್ದು ಮಾರ್ಕೆಟ್ಟಿಗೆ ಹೋಗಿ ಮೀನು ತಂದು, ಮಸಾಲೆ ಅರೆದು, ಮಕ್ಕಳಿಗೆ ಬಿಸಿಬಿಸಿ ಬಡಿಸುವುದರಲ್ಲಿ ಎಷ್ಟು ಖುಷಿಯಿದೆ ಎಂಬುದು ಬಿಟ್ಟವರಿಗೇ ಗೊತ್ತು.

ಕ್ಯಾಲೆಂಡರ್ ಮೇಲೆ ಗುರುತು ಹಾಕಿ

ಗೋಡೆಯ ಕ್ಯಾಲೆಂಡರ್ ತೆಗೆದುಕೊಂಡು ಕೂತು ವರ್ಷದ ಕಷ್ಟದ ದಿನಗಳಿಗೆ ಈಗಲೇ ಸುತ್ತು ಹಾಕಿ: ಯುಗಾದಿಯ ಮಾರನೆಯ ಹೊಸತೊಡಕು, ಊರಹಬ್ಬ, ಮಾರಿಜಾತ್ರೆ, ಚುನಾವಣೆಯ ವಾರ, ಆಫೀಸಿನ ಪಾರ್ಟಿ, ಡಿಸೆಂಬರ್ 31, ಪ್ರತಿ ತಿಂಗಳ ಸಂಬಳದ ದಿನ, ತೀರಿಕೊಂಡ ತಂದೆಯ ತಿಥಿ. ದುಃಖದ ದಿನಗಳಿಗಿಂತ ಸಂಭ್ರಮದ ದಿನಗಳೇ ಹೆಚ್ಚು ಜನರನ್ನು ಕೆಡವುತ್ತವೆ ಎಂಬುದು ನನ್ನ ಅನಿಸಿಕೆ. ಪ್ರತಿ ಸುತ್ತಿನ ಪಕ್ಕ ಮೂರು ವಿಷಯ ಬರೆಯಿರಿ: ಆ ಸಂಜೆ ಎಲ್ಲಿರುತ್ತೇನೆ, ಜೊತೆಗೆ ಯಾರಿರುತ್ತಾರೆ, ಎಷ್ಟು ಹೊತ್ತಿಗೆ ಅಲ್ಲಿಂದ ಹೊರಡುತ್ತೇನೆ. ಹೊಸತೊಡಕಿಗೆ ಮನೆಯಲ್ಲೇ ಬಾಡೂಟ ಮಾಡಿಸಿ, ಕುಡಿಯದ ಇಬ್ಬರನ್ನು ಊಟಕ್ಕೆ ಕರೆಯಿರಿ. ಊರಹಬ್ಬಕ್ಕೆ ಹೋಗಲೇಬೇಕಿದ್ದರೆ ಹಗಲು ಪೂಜೆಗೆ ಹೋಗಿ, ಕತ್ತಲಾಗುವ ಮೊದಲಿನ ಬಸ್ಸಿಗೆ ವಾಪಸ್ ಟಿಕೆಟ್ ಮಾಡಿಸಿಕೊಂಡಿರಿ.